ಭುವನೇಶ್ವರಿಯ ಹಾಲು ಬಿಡಿಸಿದ ಮಹಾಸಂಗ್ರಾಮ

ಎಲೌ ಉದರಸಾಗರನಿವಾಸಿನೀ, ಹುಳಿನೀರಮ್ಮಾ! ಕೋಳಿ ಕೂಗುವ ಮೊದಲೇ ಏಳುವವಳೇ, ಹಲ್ಲುಜ್ಜುವ ಬ್ರಷ್ಷು ನಾಲಿಗೆಗೆ ತಾಗಿದ್ದೇ ತಡ ಉಕ್ಕಿ ಬರುವವಳೇ, ಒಣ ಚಪಾತಿಯ ಚೂರಿಗೂ ಒಂದು ಗಳಿಗೆ ತಂಗಲು ಜಾಗ ಕೊಡದವಳೇ, ಮೊದಲ ವಂದನೆ ನಿನಗೆ. ನೀನು ಮೇಲೇರದಿದ್ದರೆ ಈ ಯುದ್ಧವೇ ಇಲ್ಲ. ನೀನು ಕೆಳಗಿಳಿಯದಿದ್ದರೆ ಇದನ್ನು ಹೇಳಲು ಬಾಯಿ ತೆರೆಯುವ ಧೈರ್ಯ ಯಾರಿಗೂ ಇಲ್ಲ. ಎರಡನೆಯ ವಂದನೆ ಒಗ್ಗರಣೆಯ ಬೆಳ್ಳುಳ್ಳಿಗೆ. ಅದು ದೂರದಿಂದಲೇ, ಮೂಗು ಹಿಡಿದುಕೊಂಡು.

ಅದು ಯಾವ ಯುಗವೆನ್ನುವಿರೋ? ಕೃತವಲ್ಲ, ತ್ರೇತೆಯಲ್ಲ. ಕುಕ್ಕರಿನ ಸೀಟಿಗೆ ಮಕ್ಕಳು ಎಚ್ಚೆತ್ತು ಮಿಕ್ಸಿಯ ಮೊರೆತಕ್ಕೆ ಅಳುವ ಯುಗ; ಮೊಬೈಲಿನಲ್ಲಿ ಹಸು ಕುಣಿಯದಿದ್ದರೆ ತುತ್ತು ಗಂಟಲಿಳಿಯದ ಯುಗ; ಅಟ್ಟದ ಮೇಲೆ ವರ್ಷವಿಡೀ ಸುಮ್ಮನೆ ಕುಳಿತು, ಒಳಗಿನ ನೀರನ್ನು ತಾನೇ ಕುಡಿದು, ಕೊಬ್ಬರಿಯಾಗುವ ತಪಸ್ಸು ತೆಂಗಿನಕಾಯಿಗೆ ಮಾತ್ರ ಉಳಿದು, ಮನುಷ್ಯಮಾತ್ರರಿಗೆ ಹತ್ತು ನಿಮಿಷ ಒಂದೆಡೆ ಕೂರುವ ಭಾಗ್ಯ ತಪ್ಪಿಹೋದ ಯುಗ.

ಅಂತಹ ಯುಗದ ಒಂದು ಆಷಾಢ ಭಾನುವಾರ, ತಿಪಟೂರೆಂಬ ಕೊಬ್ಬರಿಸಾಮ್ರಾಜ್ಯರಾಜಧಾನಿಯ ಮಂಡಿಯ ಹಿಂದಣ ಬೀದಿಯಲ್ಲಿ, ಕೆಳಗೆ ಕೊಬ್ಬರಿ ಗೋದಾಮು ಮೇಲೆ ಬಾಡಿಗೆ ಮನೆ ಇದ್ದ ಹಳದಿ ಕಟ್ಟಡದ ಮೇಲಂತಸ್ತಿನಲ್ಲಿ, ಕೊಬ್ಬರಿಗಂಧಮಂದಮಾರುತಮರ್ದಿತನಾಸಿಕೆಯೂ, ತ್ರಿದಿನಾವಧಿಅಸ್ನಾತಕೇಶಪಾಶೆಯೂ, ಹೂವಿನ ಚಿತ್ತಾರದ ನೈಟಿಯನ್ನೇ ವಜ್ರಕವಚವಾಗಿ ಧರಿಸಿದವಳೂ ಆದ ದಾಕ್ಷಾಯಿಣಿಯೆಂಬ ವೀರವನಿತೆ ಹಾಸಿಗೆಯ ತುದಿಯಲ್ಲಿ ಕುಳಿತು, ಕಾಲ ಬಳಿಯಿದ್ದ ನೀಲಿ ಬಕೆಟ್ಟನ್ನು ದಿಟ್ಟಿಸುತ್ತಿದ್ದಳು. ಆಕೆಗೆ ಎಂಟು ವಾರ. ಒಳಗಿನ ಜೀವ ಇನ್ನೂ ಅವರೆಕಾಳಿನಷ್ಟು. ಆಯಾಸ ಮಾತ್ರ ಪಟ್ಟದಾನೆಯಷ್ಟು.

ಇನ್ನು ಎದುರಾಳಿ. ಅವಳ ಬಣ್ಣನೆಗೆ ನಾಲಿಗೆ ಒಂದು ಸಾಲದು. ಆಕೆ ಅದೇ ದಾಕ್ಷಾಯಿಣಿಯ ಜ್ಯೇಷ್ಠಪುತ್ರಿ, ದ್ವಾವಿಂಶತಿಮಾಸಪ್ರಾಯೆ, ಷೋಡಶದಂತಾಯುಧೆ, ಭಗ್ನಚಷಕೆ, ವಿದೀರ್ಣವಾರ್ತಾಪತ್ರಿಕೆ, ಅಂಗನವಾಡಿಯ ತಕ್ಕಡಿಯ ಸಾಕ್ಷಿಯಾಗಿ ಹತ್ತೂವರೆ ಕೆ.ಜಿ. ತೂಗುವ ಭುವನೇಶ್ವರಿ. ಮನೆಯ ಮಾತಿನಲ್ಲಿ ಭುವಿ. ಅವಳ ಶಬ್ದಭಂಡಾರದಲ್ಲಿ ಒಟ್ಟು ಮೂವತ್ತು ಪದಗಳಿದ್ದು, ಅವುಗಳಲ್ಲಿ ಸೇನಾಪತಿ ‘ಬೇಡ’, ಚಕ್ರವರ್ತಿ ‘ಅಮ್ಮಿ’. ಅಮ್ಮಿ ಎಂದರೆ ತಾಯಿಯ ಹಾಲು. ಬಿದ್ದರೆ ಅಮ್ಮಿ, ಎದ್ದರೆ ಅಮ್ಮಿ, ಪಕ್ಕದ ಮನೆಯ ನಾಯಿ ಬೊಗಳಿದರೆ ಅಮ್ಮಿ, ಬೊಗಳದಿದ್ದರೆ ಬೇಜಾರಿಗೆ ಅಮ್ಮಿ. ತಾಯಿಯ ನೈಟಿಯ ಮುಂಭಾಗದ ಜಿಪ್ಪೆಂಬ ಹೆಬ್ಬಾಗಿಲನ್ನು ನಿದ್ದೆಗಣ್ಣಿನಲ್ಲೂ ಒಂದೇ ಕೈಯಲ್ಲಿ ತೆರೆಯಬಲ್ಲ ಜಗದೇಕವೀರೆ ಅವಳು.

ಈ ಇಬ್ಬರಿಗೆ ಯುದ್ಧವೇಕೆ ಬಂತು?

ಪರೀಕ್ಷೆಯ ಕಡ್ಡಿಯಲ್ಲಿ ಎರಡು ಗೆರೆ ಮೂಡಿದಂದಿನಿಂದ ದಾಕ್ಷಾಯಿಣಿಯ ಎದೆ ಹಸಿಗಾಯದಂತೆ ನೋಯುತ್ತಿತ್ತು. ಮಗು ಬಾಯಿ ಹಾಕಿದೊಡನೆ ಅಂಗಾಲಿನಿಂದ ನೆತ್ತಿಯವರೆಗೆ ಮುಳ್ಳೇಳುತ್ತಿತ್ತು. ಆ ಮುಳ್ಳಿನ ಬೆನ್ನಿಗೇ ಹುಳಿನೀರಮ್ಮ ದಂಡೆತ್ತಿ ಬರುತ್ತಿದ್ದಳು. ಹಾಲು ಕೊಡುತ್ತಲೇ ಬಕೆಟ್ಟಿಗೆ ಬಗ್ಗುವುದು, ಬಕೆಟ್ಟಿಗೆ ಬಗ್ಗುತ್ತಲೇ ಹಾಲು ಕೊಡುವುದು: ಇದು ಯಾವ ಗರಡಿಯಲ್ಲೂ ಕಲಿಸದ ವರಸೆ. ಮಧ್ಯಾಹ್ನ ಒಂದು ಗಂಟೆ ನಿದ್ದೆ ಸಿಕ್ಕರೆ ಮೂರು ಲೋಕ ಬಿಟ್ಟುಕೊಡಲು ಆಕೆ ತಯಾರಿದ್ದಳು. ಆಸ್ಪತ್ರೆಯ ಸಿಸ್ಟರನ್ನು ಕೇಳಿದ್ದಕ್ಕೆ, “ಕುಡಿಸಿದ್ರೂ ತೊಂದರೆಯೇನಿಲ್ಲಮ್ಮ. ನಿಮಗೆ ತಡ್ಕೊಳ್ಳಕ್ಕಾಗ್ತಿಲ್ಲ ಅಂದ್ರೆ ನಿಧಾನಕ್ಕೆ ಬಿಡಿಸಿ” ಎಂದಿದ್ದರು.

ಬಿಡಿಸಬೇಕು, ಸರಿ. ಆದರೆ ವೀರವನಿತೆಯ ಎದೆಯಾಳದಲ್ಲಿ ಯಾರಿಗೂ ಹೇಳದ ಒಂದು ಭಯವಿತ್ತು. ಮಗಳು ಹಾಲು ಬಿಡಲಿ. ಹಾಲಿನ ಜೊತೆಗೆ ತನ್ನನ್ನೂ ಬಿಟ್ಟುಬಿಟ್ಟರೆ? ಇನ್ನೊಂದು ಮಗು ಬರುವ ಮೊದಲೇ ‘ನಮ್ಮಮ್ಮ ನನ್ನ ದೂಡಿಬಿಟ್ಟಳು’ ಎಂದು ಆ ಪುಟ್ಟ ತಲೆಯಲ್ಲಿ ಕೂತುಬಿಟ್ಟರೆ? ಯುದ್ಧ ಗೆಲ್ಲಬೇಕು, ಶತ್ರುವಿನ ಪ್ರೀತಿಯನ್ನು ಕಳೆದುಕೊಳ್ಳಬಾರದು. ಇಂತಹ ಷರತ್ತಿನ ಯುದ್ಧವನ್ನು ಯಾವ ಚಕ್ರವರ್ತಿಯೂ ಮಾಡಿದ್ದಿಲ್ಲ.

ಆಗ ರಂಗಕ್ಕೆ ಬಂದವಳೇ ಶಿವನಂಜಮ್ಮ. ದಾಕ್ಷಾಯಿಣಿಯ ಅತ್ತೆ. ಹೊನ್ನವಳ್ಳಿ ಕಡೆಯ ಹಳ್ಳಿಯಿಂದ ಒಂದು ಕೈಯಲ್ಲಿ ಕಡ್ಲೆಪುರಿಯ ಚೀಲ, ಇನ್ನೊಂದರಲ್ಲಿ ಬೇವಿನ ಸೊಪ್ಪಿನ ಕಟ್ಟು ಹಿಡಿದು ಬುಧವಾರದ ಬಸ್ಸಿನಲ್ಲಿ ಇಳಿದಿದ್ದ ಆ ಪಂಚಸಂತಾನಪೋಷಿಣಿ, ಕಷಾಯಚಕ್ರವರ್ತಿನಿ, ಸೋಮವಾರ ಬೆಳಿಗ್ಗೆ ಹೊರಟೇಬಿಡಬೇಕಿತ್ತು; ಊರಿನಲ್ಲಿ ಹಸು ಇವತ್ತೋ ನಾಳೆಯೋ ಕರು ಹಾಕುವುದರಲ್ಲಿತ್ತು. ಅಂದರೆ ಯುದ್ಧಕ್ಕೆ ಉಳಿದಿದ್ದು ಒಂದೇ ಹಗಲು.

ಒಲೆಯ ಮುಂದೆ ಸೌಟನ್ನು ಗದೆಯಂತೆ ಹೆಗಲಿಗೇರಿಸಿ ಆಕೆ ನುಡಿದ ವೀರವಾಣಿ ಇಂತಿದೆ:

“ನಿಧಾನಕ್ಕಂತೆ, ನಿಧಾನಕ್ಕೆ! ಆ ಸಿಸ್ಟರಿಗೇನು ಗೊತ್ತು? ಐದು ಮಕ್ಳಿಗೆ ಹಾಲು ಬಿಡ್ಸಿದ್ದೀನಿ ಕಣೆ ನಾನು, ಒಂದೊಂದಕ್ಕೂ ಒಂದೊಂದೇ ದಿನ. ನಿನ್ ಗಂಡ ಇದ್ದಾನಲ್ಲ, ಮೂರು ವರ್ಷದ ಕ್ವಾಣ, ಬೇಲಿ ಹಾರ್ಕೊಂಡು ಹೊಲದ ತಂಕ ಬಂದು ಕುಡಿಯೋನು. ಅಂಥೋನ್ಗೇ ಬಿಡ್ಸಿದ್ದೀನಿ. ಬೇವು ಅರ್ದು ಹಚ್ಚು. ಒಂದು ಸಲ ನಾಲ್ಗೆ ಇಟ್ರೆ ಜನ್ಮದಲ್ಲಿ ಆ ಕಡೆ ತಿರುಗಲ್ಲ.”

“ಅವ್ವಾ, ಎಲ್ಲರ ಮುಂದೂ ಅದನ್ನೇ ಹೇಳ್ತೀಯಲ್ಲ,” ಎಂದು ನಡುಮನೆಯಿಂದ ಕ್ಷೀಣ ಪ್ರತಿಭಟನೆ ಕೇಳಿಬಂತು. ಅದು ಷಡಕ್ಷರಿಯದು. ದಾಕ್ಷಾಯಿಣಿಯ ಪತಿ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಅಂದು ಭಾನುವಾರವಾದ್ದರಿಂದ ಲುಂಗಿಧಾರಿ.

“ಅತ್ತೆ, ಪಾಪ ಅಲ್ವಾ? ಕಹಿ ಆಗಲ್ವಾ?” ಎಂದಳು ದಾಕ್ಷಾಯಿಣಿ.

“ಕಹಿ ಆಗ್ಲಿ ಅಂತ್ಲೇ ಹಚ್ಚೋದು. ಇನ್ನೇನು ಪರಿಮಳಕ್ಕಾ?”

ಹೀಗೆ ಮಂತ್ರಾಲೋಚನೆ ಮುಗಿದು, ಅಸ್ತ್ರಸಿದ್ಧತೆಗೆ ತೊಡಗಲಾಯಿತು. ಒರಳುಕಲ್ಲಿಲ್ಲದ ಆ ಬಾಡಿಗೆ ಮನೆಯಲ್ಲಿ ಚಟ್ನಿಯ ಸಣ್ಣ ಜಾರಿನಲ್ಲಿ ಬೇವು ಗರಗರನೆ ಅರೆಯಲ್ಪಟ್ಟು, ಅದರ ಮುಚ್ಚಳ ತೆರೆದಾಗ ಹೊಮ್ಮಿದ ಆ ಹಸಿರು ಘಾಟು, ಶತ್ರುವಿನ ಕಡೆಗೆ ಹೋಗದೆ, ಸ್ವಪಕ್ಷದ ಮಹಾರಥಿಯ ಮೂಗನ್ನೇ ಹೊಕ್ಕಿತು. ದಾಕ್ಷಾಯಿಣಿ ಬಚ್ಚಲಿಗೆ ಓಡಿದಳು. ಬಂದಳು. ಮತ್ತೆ ಓಡಿದಳು. ಮೂರನೆಯ ಬಾರಿ ಬರುವಾಗ ಗೋಡೆ ಹಿಡಿದುಕೊಂಡು ಬಂದಳು. ಯುದ್ಧ ಆರಂಭವಾಗುವ ಮೊದಲೇ ಸೇನೆಯ ಅರ್ಧ ಬಲ ಬಚ್ಚಲಿನಲ್ಲಿ ಮಡಿದಿತ್ತು.

ಆದರೂ ಕ್ಷತ್ರಿಯತೇಜಸ್ಸು ಕುಂದೀತೆ? ಕನ್ನಡಿಯ ಮುಂದೆ ನಿಂತು, ಎದೆಗೆ ಹಸಿರು ಲೇಪವನ್ನು ಹಚ್ಚಿ, ಜಿಪ್ಪನ್ನು ಏರಿಸಿ, ಆಕೆ ಮನದಲ್ಲೇ ಹೀಗೆ ಗರ್ಜಿಸಿದಳು: ‘ಎಲಗೇ ಕ್ಷೀರಲಂಪಟೆ! ಇಪ್ಪತ್ತೆರಡು ತಿಂಗಳು ನನ್ನ ನಿದ್ದೆಯ ಭಂಡಾರವನ್ನು ಸೂರೆಗೊಂಡೆ. ನನ್ನ ಬೆನ್ನುಮೂಳೆಯನ್ನು ಬಿಲ್ಲಾಗಿ ಬಗ್ಗಿಸಿದೆ. ಇಂದು ಈ ನಿಂಬಲೇಪನಲಿಪ್ತವಕ್ಷಃಸ್ಥಲೆಯನ್ನು ಸಮೀಪಿಸುವ ಗಂಡೆದೆ ನಿನಗಿದ್ದಲ್ಲಿ ಬಾ, ಮುಂದೆ ಬಾ!’

ಬಾಯಿಯಿಂದ ಮಾತ್ರ ಬಂದದ್ದು, “ಭುವೀ... ಬಾರಮ್ಮ ಇಲ್ಲಿ.”

ಷಡಕ್ಷರಿಯ ಬಣ್ಣದ ಪೆನ್ಸಿಲನ್ನು ಗೋಡೆಯ ಮೇಲೆ ಪ್ರಯೋಗಿಸುತ್ತಿದ್ದ ಭುವನೇಶ್ವರಿ, ಕರೆ ಕೇಳಿದ್ದೇ ಆಯುಧ ಎಸೆದು, ಒಂದೇ ಚಪ್ಪಲಿ ಮೆಟ್ಟಿದ್ದ ಕಾಲಿನಿಂದ ಟಪ್ಪಟಪ್ಪನೆ ಧಾವಿಸಿ, ತೊಡೆಯೇರಿ, ಹೆಬ್ಬಾಗಿಲನ್ನು ಝುರ್ರನೆ ತೆರೆದಳು. ಒಳಗೆ ಹಸಿರು. ಅವಳು ಒಂದು ಕ್ಷಣ ನಿಂತಳು. ಬೆರಳಿಟ್ಟಳು. ಮೂಸಿದಳು. ಬಾಗಿಲ ಸಂದಿಯಲ್ಲಿ ಶಿವನಂಜಮ್ಮ ಉಸಿರು ಹಿಡಿದಳು. ಮಂಡಿಯ ಗಾಳಿ ನಿಂತಿತು. ಮಗು ನಾಲಿಗೆ ಚಾಚಿ ಒಂದು ಸಲ ನೆಕ್ಕಿತು.

ಮುಖ ಕಿವುಚುವುದೇ? ಚೀರುವುದೇ? ಎಲ್ಲಿಯ ಮಾತು! ಇನ್ನೊಂದು ಸಲ ನೆಕ್ಕಿತು. ಆಮೇಲೆ ಬಾಗಿಲ ಸಂದಿಯಲ್ಲಿದ್ದ ಅಜ್ಜಿಯ ಕಡೆಗೆ ಅಂಗೈ ಚಾಚಿ, ಸಾಲಗಾರರನ್ನು ಕೇಳುವವರಂತೆ ಕೇಳಿತು:

“ಬೆಲ್ಲ!”

ಶಿವನಂಜಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು.

“ಏನತ್ತೆ ಇದು? ಬೆಲ್ಲ ಅಂತಾಳೆ?”

“ಅದೂ... ಬೇಸಿಗೆ ರಜದಲ್ಲಿ ಊರಿಗೆ ಬಂದಿದ್ರಲ್ಲ ನೀವು. ಹೊಟ್ಟೆಹುಳ ಆಗ್ಬಾರ್ದು ಅಂತ ಶನಿವಾರ ಶನಿವಾರ ಒಂಚೂರು ಬೇವು ನೆಕ್ಕಿಸ್ತಿದ್ದೆ. ನೆಕ್ಕಿದ್ರೆ ಒಂದು ಉಂಡೆ ಬೆಲ್ಲ ಕೊಡ್ತಿದ್ದೆ. ಅಳ್ದಲೆ ನೆಕ್ಕದು ಕಣೆ, ಚಿನ್ನದಂಥ ಕೂಸು.”

ಕೇಳಿದಿರಾ! ಐದು ಮಕ್ಕಳ ಮೇಲೆ ಪ್ರಯೋಗಿಸಿ ಎಂದೂ ಗುರಿ ತಪ್ಪದ ಮಹಾಸ್ತ್ರವನ್ನು, ಶನಿವಾರ ಶನಿವಾರವೂ ತಾನೇ ಮೊಂಡು ಮಾಡಿ, ಶತ್ರುವಿಗೆ ತಾನೇ ರುಚಿ ಹತ್ತಿಸಿ, ಮೇಲೆ ಬೆಲ್ಲದ ಕಪ್ಪಕಾಣಿಕೆಯನ್ನೂ ರೂಢಿ ಮಾಡಿಟ್ಟಿದ್ದಳು ನಮ್ಮ ಸೇನಾಪತಿ! ಷಡಕ್ಷರಿ ನಡುಮನೆಯಲ್ಲಿ ದಿಂಬಿಗೆ ಮುಖ ಒತ್ತಿ ನಗುತ್ತಿದ್ದ. ಮಗು ಇನ್ನೂ ಕೈ ಚಾಚಿಯೇ ಇತ್ತು. ಕೊನೆಗೆ ಬೆಲ್ಲ ಕೊಟ್ಟೇ ಅದರ ಕೈಯನ್ನು ಮಡಚಬೇಕಾಯಿತು. ಬೆಲ್ಲ ತಿಂದ ಮೇಲೆ ಅದು ಮತ್ತೆ ಬೇವಿಗೆ ಬಂತು. ದಾಕ್ಷಾಯಿಣಿ ಜಿಪ್ಪೆಳೆದುಕೊಂಡು ಹಿಮ್ಮೆಟ್ಟಿದಳು.

“ಬಿಡು ದಾಕ್ಷಿ, ನಾನು ಮಲಗಿಸ್ತೀನಿ,” ಎಂದು ಎದ್ದ ಷಡಕ್ಷರಿ, ಲುಂಗಿಯನ್ನು ಮೇಲೆತ್ತಿ ಬಿಗಿದು. “ಹಾಲು ಕುಡೀದೆ ಒಂದ್ಸಲ ನಿದ್ದೆ ಮಾಡಿದ್ರೆ ಆಮೇಲೆ ತಾನೇ ಅಭ್ಯಾಸ ಆಗುತ್ತೆ. ಎಂಟನೇ ಕ್ಲಾಸ್ ಬಿ ಸೆಕ್ಷನ್ನನ್ನ ಸುಮ್ನಿರಿಸಿದೋನು ನಾನು. ಐವತ್ತಾರು ಜನ! ಕೊನೇ ಪೀರಿಯಡ್ಡು! ಇದೊಂದು ಪಿಳ್ಳೆ ಯಾವ ಲೆಕ್ಕ?”

“ರೀ, ಕಥೆ ಹೇಳಿ ಮಲಗಿಸಿ. ಬರೀ ತಟ್ಟಿದ್ರೆ ಮಲಗಲ್ಲ.”

“ಕಥೆ ತಾನೇ? ಏಳು ಸಮುದ್ರದಾಚೆ ಏಳು ಕೋಟೆ, ಏಳು ಕೋಟೆಯೊಳಗೆ ಏಳು ಸುತ್ತಿನ ಅರಮನೆ ಅಂತ ಶುರು ಮಾಡಿದ್ರೆ ಮೂರನೇ ಸಮುದ್ರಕ್ಕೇ ಔಟು. ನೀನು ಹೋಗಿ ಮಲಕ್ಕೋ.”

ಸಕಲಶಾಲಾಭಿತ್ತಿಚಿತ್ರವಿಶಾರದನಾದ ಆ ಮಹಾರಥನು ಮಗಳನ್ನು ಹೆಗಲಿಗೇರಿಸಿ ಕೋಣೆ ಹೊಕ್ಕು ಕದವಿಕ್ಕಿದ. ಹೊರಗೆ ಅತ್ತೆ ಸೊಸೆ ಕಿವಿಗೊಟ್ಟು ನಿಂತರು. ಮೊದಲ ಸಮುದ್ರ ಗಂಭೀರವಾಗಿ ಕೇಳಿಸಿತು. ಎರಡನೆಯದು ಕೊಂಚ ತಗ್ಗಿ ಕೇಳಿಸಿತು. ಮೂರನೆಯ ಸಮುದ್ರದ ನಡುವೆ ಹಡಗು ನಿಂತುಹೋಯಿತು. ನಿಶ್ಶಬ್ದ. ದಾಕ್ಷಾಯಿಣಿಯ ಕಣ್ಣಲ್ಲಿ ಆಸೆಯ ನೀರಾಡಿತು. ಚಾಪೆ ಹಾಸಿದಳು. ಒಂದು ದಿಂಬು ಇಟ್ಟಳು. ತಲೆ ಇನ್ನೇನು ದಿಂಬಿಗೆ ತಾಗಬೇಕು, ಕೋಣೆಯ ಕದ ಕಿರ್ರೆಂದಿತು. ಭುವನೇಶ್ವರಿ ಅಪ್ಪನ ಕನ್ನಡಕವನ್ನು ತಲೆಕೆಳಗಾಗಿ ಧರಿಸಿ ಹೊರಬಂದು, ಒಳಗೆ ಬೆರಳು ತೋರಿಸಿ ಸಮಾಚಾರ ತಿಳಿಸಿದಳು:

“ಅಪ್ಪ ತಾಚಿ.”

ಒಳಗಿನಿಂದ ಗೊರಕೆ ಹೊರಟು ನಾಲ್ಕನೆಯ ಸಮುದ್ರ ದಾಟುತ್ತಿತ್ತು.

“ಅಮ್ಮಿ,” ಎಂದಿತು ಮಗು, ನೈಟಿಯ ಅಂಚು ಹಿಡಿದು.

ಮಧ್ಯಾಹ್ನ ಒಂದೂವರೆ. ಒಲೆಯ ಮೇಲೆ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬಿತ್ತು. ದಾಕ್ಷಾಯಿಣಿ ಬಕೆಟ್ಟಿಗೆ ಬಗ್ಗಿದಳು. ಭುವಿ ಅವಳ ಬೆನ್ನೇರಿ ಕುದುರೆಯಾಡುತ್ತ “ಅಮ್ಮಿ, ಅಮ್ಮಿ” ಎಂದು ಚಬುಕು ಬೀಸಿದಳು. ಆ ಸ್ಥಿತಿಯನ್ನು ಕಂಡು ಶಿವನಂಜಮ್ಮನ ಕರುಳು ಚುರ್ರೆಂದಿತು. ಆದರೆ ಆ ಕರುಳು ಚುರ್ರೆಂದಾಗಲೆಲ್ಲ ಒಂದು ಉಪಾಯ ಹುಟ್ಟುವುದು ರೂಢಿ. ಮಗುವನ್ನು ಕೆಳಗಿಳಿಸಿ, ಕಿಟಕಿಯ ಕಡೆಗೆ ಕೈ ತೋರಿಸಿ, ಆಕೆ ಎದೆ ಬಡಿದುಕೊಂಡಳು.

“ಅಯ್ಯಯ್ಯೋ ಭುವೀ! ಅಗೋ ಕಾಗೆ! ಅಮ್ಮಿನ ಕಾಗೆ ಎತ್ಕೊಂಡು ಹೋಯ್ತಲ್ಲೇ!”

ಕಿಟಕಿಯಾಚೆ, ಕೆಳಗಿನ ಗೋದಾಮಿನ ಮುಂಚಾಚಿದ ತಗಡಿನ ಶೀಟಿನ ಮೇಲೆ ನಿಜಕ್ಕೂ ಒಂದು ಕಾಗೆ ಕೂತಿತ್ತು. ಒಣಹಾಕಿದ ಕೊಬ್ಬರಿಗೆ ಹೊಂಚು ಹಾಕಿದ್ದ ಆ ನಿರಪರಾಧಿ ಪಕ್ಷಿ, ತನ್ನ ಮೇಲೆ ಬಿದ್ದ ಇಷ್ಟು ದೊಡ್ಡ ಆಪಾದನೆಯ ಸುಳಿವೂ ಇಲ್ಲದೆ, ಕತ್ತು ಕೊಂಕಿಸಿ ನೋಡಿತು. ಭುವಿ ತಾಯಿಯ ಕಡೆ ತಿರುಗಿದಳು. ನಿಜವೇ ಎಂದು ಕೇಳುವ ಕಣ್ಣು. ದಾಕ್ಷಾಯಿಣಿ ಬಕೆಟ್ಟಿನಿಂದ ತಲೆಯೆತ್ತಿ, ಸುಳ್ಳು ಹೇಳಲೂ ಶಕ್ತಿಯಿಲ್ಲದೆ, ಹೂಂ ಎನ್ನುವಂತೆ ತಲೆಯಾಡಿಸಿದಳು.

ಆಗ ನಡೆದದ್ದನ್ನು ಹೇಳಲು ಹೊರಟರೆ ಉದ್ದುದ್ದ ಸಮಾಸಗಳು ತಾವಾಗಿ ಬಿಚ್ಚಿಹೋಗುತ್ತವೆ. ಮಗು ಅಳಲಿಲ್ಲ. ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡು ಹೋಗಿ ಕಿಟಕಿಗೆ ಹಾಕಿ, ಹತ್ತಿ, ಸರಳು ಹಿಡಿದು ಕೂಗಿತು.

“ಕಾಗೇ! ಕೊಡು!”

ಕಾಗೆ ಕೊಡಲಿಲ್ಲ.

ಮಗು ಇಳಿಯಿತು. ಅಜ್ಜಿಯ ಚೀಲಕ್ಕೆ ಕೈ ಹಾಕಿ ಮುಷ್ಟಿ ತುಂಬ ಕಡ್ಲೆಪುರಿ ತಂದು, ಸರಳಿನ ನಡುವಿನಿಂದ ಎಸೆಯಿತು. “ಕಾಗೆ, ತಗೋ. ಅಮ್ಮಿ ಕೊಡು.” ಕಾಗೆ ಕುಪ್ಪಳಿಸಿ ಬಂದು ಪುರಿಯನ್ನು ಒಂದೊಂದೇ ಹೆಕ್ಕಿ ತಿಂದಿತು. ಮಗು ಕಾಯಿತು. ಕಾಗೆ ಕೊಕ್ಕನ್ನು ಶೀಟಿಗೆ ಒರೆಸಿಕೊಂಡು ಮಂಡಿಯ ಕಡೆಗೆ ಹಾರಿಹೋಯಿತು.

ಕಪ್ಪ ಸಲ್ಲಿಸಿಯೂ ಸೆರೆಯಾಳು ಬಿಡುಗಡೆಯಾಗಲಿಲ್ಲ. ಭುವನೇಶ್ವರಿ ಸ್ಟೂಲಿನ ಮೇಲೇ ಕುಕ್ಕರಗಾಲಲ್ಲಿ ಕೂತು, ಕೆಳತುಟಿಯನ್ನು ಹೊರಚಾಚಿ, ಆಕಾಶ ನೋಡಿದಳು. ದಾಕ್ಷಾಯಿಣಿ ಹತ್ತಿರ ಹೋಗಿ ತಲೆ ಸವರಲು ಕೈ ಚಾಚಿದಳು. ಮಗು ಆ ಕೈಯನ್ನು ತಳ್ಳಿತು.

“ಅಮ್ಮ ಬೇಡ.”

ಮೂವತ್ತು ಪದಗಳ ಸೇನೆಯಲ್ಲಿ ಎರಡೇ ಪದ ಹೊರಟು ಬಂದು ಕೋಟೆಯನ್ನು ಬುಡಸಮೇತ ಕೆಡವಿದವು. ಯಾವುದಕ್ಕೆ ಹೆದರಿದ್ದಳೋ ಅದೇ ನಡೆದಿತ್ತು. ವೀರವನಿತೆ ನೆಲದ ಮೇಲೆ ಕುಸಿದು ಕೂತು, ಮೂಗು ಕೆಂಪಗೆ ಮಾಡಿಕೊಂಡು ಬಿಕ್ಕತೊಡಗಿದಳು.

“ಅತ್ತೆ, ನನಗೆ ಬೇಡ ಇದು. ಅವಳು ನನ್ನ ಹತ್ರ ಬರಲ್ಲ ಇನ್ನು.”

“ಅಯ್ಯೋ ಹುಚ್ಚಿ, ಸಂಜೆ ಹೊತ್ಗೆ ಮರ್ತು ಹೋಯ್ತದೆ ಸುಮ್ಕಿರು. ಈಗ ಸಡಿಲ ಬಿಟ್ರೆ ಬೆಳಿಗ್ಗಿಂದ ಪಟ್ಟಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚ್ದಂಗೆ.”

“ಹುಣಸೆಹಣ್ಣಿನ ಹೆಸರು ಎತ್ತಬೇಡಿ ಅತ್ತೆ, ಬಾಯಲ್ಲಿ ನೀರು ಬರುತ್ತೆ,” ಎಂದು ಅಳುವಿನ ನಡುವೆಯೇ ಅಂದು, ದಾಕ್ಷಾಯಿಣಿ ಎದ್ದಳು. “ನೋವು ತಾನೇ? ತಡ್ಕೋತೀನಿ. ವಾಂತಿ ತಾನೇ? ಬಕೆಟ್ಟಿದೆ. ಒಂಬತ್ತು ತಿಂಗಳೂ ಕುಡೀಲಿ. ಬೇಕಾದ್ರೆ ಬರೋದೂ ಇದೂ ಒಂದೊಂದು ಕಡೆ ಕೂತು ಕುಡೀಲಿ.”

“ಮಾಡ್ಕೋ, ಮಾಡ್ಕೋ. ನಿನ್ ಹಣೆಬರ,” ಎಂದಳು ಸೇನಾಪತಿ, ಸೌಟು ಕೆಳಗಿಟ್ಟು. ತಡೆಯಲಿಲ್ಲ.

ಹೀಗೆ ಶರಣಾಗತಿಯ ನಿರ್ಣಯವಾಯಿತು. ಬಚ್ಚಲಿನಲ್ಲಿ ಬೆಚ್ಚಗಿನ ನೀರಿನಿಂದ ಬೇವಿನ ಲೇಪ ತೊಳೆಯಲ್ಪಟ್ಟು, ಟವೆಲಿನಿಂದ ಒರೆಸಲ್ಪಟ್ಟು, ಸಾಮ್ರಾಜ್ಯದ ಕೀಲಿಕೈಯನ್ನು ಶತ್ರುವಿನ ಪಾದದಲ್ಲಿ ಇಡಲು ಹೊರಟ ಸೋತ ರಾಣಿಯಂತೆ ದಾಕ್ಷಾಯಿಣಿ ಚಾಪೆಯ ಮೇಲೆ ಕೂತು, ಜಿಪ್ಪೆಂಬ ಹೆಬ್ಬಾಗಿಲನ್ನು ತನ್ನ ಕೈಯಾರೆ ತೆರೆದಳು. ಬರಲಿರುವ ಮುಳ್ಳಿಗೆ ಹಲ್ಲು ಕಚ್ಚಿದಳು. ಹುಳಿನೀರಮ್ಮನಿಗೆ ಮನಸ್ಸಿನಲ್ಲೇ ಹೇಳಿದಳು: ಐದು ನಿಮಿಷ, ತಾಯಿ, ಐದೇ ನಿಮಿಷ.

“ಭುವೀ, ನೋಡು! ಕಾಗೆ ಅಮ್ಮಿ ವಾಪಸ್ ಕೊಡ್ತು! ಬಾ!”

ಸ್ಟೂಲಿನ ಮೇಲಿನ ಮೂರ್ತಿ ತಿರುಗಿತು. ನಂಬಲಿಲ್ಲ. ಇಳಿಯಿತು. ಎರಡು ಹೆಜ್ಜೆ ಇಟ್ಟಿತು. ಆಮೇಲೆ ಓಡಿ ಬಂದು ತೊಡೆಗೆ ಬಿದ್ದಿತು. ದಾಕ್ಷಾಯಿಣಿ ಕಣ್ಣು ಮುಚ್ಚಿದಳು. ಒಂದು ಗುಟುಕು. ಮುಳ್ಳೆದ್ದಿತು. ಎರಡನೆಯ ಗುಟುಕು.

ಮೂರನೆಯದು ಬರಲಿಲ್ಲ.

ಕಣ್ಣು ತೆರೆದರೆ ಮಗು ಬಾಯಿ ತೆಗೆದು, ಹುಬ್ಬು ಗಂಟಿಕ್ಕಿ, ತುಟಿ ಚಪ್ಪರಿಸುತ್ತ ಯೋಚಿಸುತ್ತಿತ್ತು. ಇನ್ನೊಂದು ಕಡೆಯನ್ನೂ ಪರೀಕ್ಷಿಸಿತು. ಅಲ್ಲಿಯೂ ಎರಡು ಗುಟುಕು. ನೆಟ್ಟಗೆ ಕೂತಿತು. ಶತಮಾನಗಳ ಸಾಮ್ರಾಜ್ಯಗಳು ಅಂತ್ಯವಾಗುವಾಗ ಕೊಂಬು ಕಹಳೆಗಳು ಮೊಳಗುತ್ತವಂತೆ. ಇಲ್ಲಿ ಮೊಳಗಿದ್ದು ಇಷ್ಟು:

“ಕಾಗೆ ಕುಡೀತು. ಖಾಲಿ.”

ಹೇಳಿ, ಎರಡೂ ಕೈಯಿಂದ ತಾಯಿಯ ಜಿಪ್ಪನ್ನು ತಾನೇ ಎಳೆದು, ಕೊನೆಯವರೆಗೆ ಏರಿಸಿ, ಮುಗಿಯಿತೆಂದು ಒಂದು ಸಲ ತಟ್ಟಿ, ಭುವನೇಶ್ವರಿ ತೊಡೆಯಿಂದಿಳಿದು ಕಡ್ಲೆಪುರಿಯ ಚೀಲದ ಕಡೆಗೆ ನಡೆದಳು.



“ಬಸುರಿ ಹಾಲು ಅಷ್ಟೇ ಕಣೆ,” ಎಂದಳು ಶಿವನಂಜಮ್ಮ, ಅನ್ನ ಬಸಿಯುತ್ತ. “ಕಮ್ಮಿನೂ ಆಯ್ತದೆ, ರುಚಿನೂ ಕೆಡ್ತದೆ. ಇನ್ನೊಂದು ಹತ್ತು ದಿನ ಸುಮ್ನಿದ್ದಿದ್ರೆ ಅದೇ ಬಿಡ್ತಿತ್ತು. ನಿಜ ಹೇಳ್ಬೇಕಂದ್ರೆ, ನನ್ ಐದು ಮಕ್ಳಲ್ಲೂ ಮೂರು ಹಂಗೇ ಬಿಟ್ಟಿದ್ದು.”

“ಮತ್ತೆ ಬುಧವಾರದಿಂದ ಯಾಕೆ ಹೇಳ್ಲಿಲ್ಲ ಅತ್ತೆ?”

“ಹೇಳಿದ್ರೆ ನಾನು ಬಂದು ಏನ್ ಮಾಡ್ದಂಗಾಗ್ತಿತ್ತು?”



ಇತ್ತ ವಿಜಯಲಕ್ಷ್ಮಿ ತಾನಾಗಿ ಬಂದು ಕೊರಳಿಗೆ ಹಾರ ಹಾಕಿದರೆ, ನಮ್ಮ ವೀರವನಿತೆ ಮಾಡಿದ್ದೇನು? ಮೊಣಕಾಲೂರಿ ಚೀಲದ ಬಳಿಗೆ ತೆವಳಿ ಹೋಗಿ, ಸೋತ ವೈರಿಯನ್ನು ಗೋಗರೆದಳು. “ಭುವೀ, ಇನ್ನೊಂದ್ಸಲ ನೋಡೇ. ಇರುತ್ತೆ. ಸ್ವಲ್ಪ ಇರುತ್ತೆ ಬಾರೇ.” ಭುವಿ ತಿರುಗಿಯೂ ನೋಡಲಿಲ್ಲ. ಪುರಿ ತಿನ್ನುತ್ತಿದ್ದಳು. ಒಂದು ಬಾಯಿಗೆ, ನಾಲ್ಕು ನೆಲಕ್ಕೆ. ದಾಕ್ಷಾಯಿಣಿ ಅಲ್ಲೇ ಬರಿನೆಲದ ಮೇಲೆ, ಚೆಲ್ಲಿದ ಪುರಿಯ ನಡುವೆ, ರಣಭೂಮಿಯಲ್ಲಿ ಒರಗಿದವರಂತೆ ಒರಗಿದಳು. ಇಪ್ಪತ್ತೆರಡು ತಿಂಗಳ ಕೆಲಸದಿಂದ ಆಕೆಯನ್ನು ಒಂದೇ ಮಾತಿನಲ್ಲಿ ನಿವೃತ್ತಿ ಮಾಡಿ ಕಳಿಸಿದ್ದರು; ಒಂದು ಶಾಲು ಹೊದಿಸಿ ಹಣ್ಣಿನ ಬುಟ್ಟಿಯನ್ನೂ ಕೊಟ್ಟಿರಲಿಲ್ಲ.

ಎಷ್ಟು ಹೊತ್ತಾಯಿತೋ. ಚೀಲ ಸರಸರ ಎನ್ನುವುದು ನಿಂತಿತು. ಪುಟ್ಟ ಹೆಜ್ಜೆಗಳು ಬಂದವು. ತಲೆಯ ಬಳಿ ನಿಂತವು. ಒಂದು ಜಿಗುಟು ಬೆರಳು ದಾಕ್ಷಾಯಿಣಿಯ ತುಟಿಯನ್ನು ಬಿಡಿಸಿ, ಎಂಜಲಾಗಿ ಮೆತ್ತಗಾಗಿದ್ದ ಒಂದೇ ಒಂದು ಪುರಿಯನ್ನು ಒಳಗೆ ತಳ್ಳಿತು.

“ಅಮ್ಮ ಮಮ್ಮು.”

ಬೆಳಿಗ್ಗೆಯಿಂದ ನೀರೂ ನಿಲ್ಲದ ಹೊಟ್ಟೆ. 

“ತಿನ್ನು,” ಎಂದು ಮಗು ಅಪ್ಪಣೆ ಮಾಡಿತು. ದಾಕ್ಷಾಯಿಣಿ ತಿಂದಳು. ಇನ್ನೊಂದು ಬಂತು. ಅದನ್ನೂ ತಿಂದಳು. ಆಮೇಲೆ ಭುವನೇಶ್ವರಿ ಒಂದು ಆಕಳಿಕೆ ತೆಗೆದು, ಯಾರನ್ನೂ ಕೇಳದೆ, ಹತ್ತೂವರೆ ಕೆ.ಜಿ.ಯನ್ನೂ ತಾಯಿಯ ಮೇಲೆ ಅಡ್ಡಡ್ಡ ಹಾಸಿ, ಎದೆಗೆ ಕೆನ್ನೆಯಿಟ್ಟು, ತಾಯಿಯ ಕಿವಿಯ ತುದಿಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜುತ್ತ ಉಜ್ಜುತ್ತ, ಹಾಲಿಲ್ಲದೆ, ಕಥೆಯಿಲ್ಲದೆ, ಒಂದು ಸಮುದ್ರವನ್ನೂ ದಾಟದೆ, ನಿದ್ದೆಹೋದಳು.

ಗೆದ್ದಿತು! ಗೆದ್ದಿತು ದಾಕ್ಷಾಯಿಣಿಯ ಪಕ್ಷ! ಮಗು ಹಾಲನ್ನು ಬಿಟ್ಟಿತು, ತಾಯಿಯನ್ನು ಬಿಡಲಿಲ್ಲ. ಸುರರು ಹೂಮಳೆ ಸುರಿಸಬೇಕಾದ ಗಳಿಗೆ. ಮೂರು ಲೋಕವನ್ನು ಅಡವಿಟ್ಟು ಬಯಸಿದ್ದ ಮಧ್ಯಾಹ್ನದ ನಿದ್ದೆಗೆ ಈಗ ಯಾವ ಅಡ್ಡಿಯೂ ಇಲ್ಲ. ಕೋಣೆಯಲ್ಲಿ ಗೊರಕೆ ಶಾಂತವಾಗಿತ್ತು. ಕಾಗೆ ದೂರ ಹೋಗಿತ್ತು. ಒಗ್ಗರಣೆಯ ವಾಸನೆ ಕೂಡ ಆಷಾಢದ ಗಾಳಿಗೆ ಚದುರಿತ್ತು. ವಿಜಯೋತ್ಸಾಹಪುಲಕಿತಗಾತ್ರೆಯಾದ ಆ ಮಹಾವೀರೆ ನಿಧಾನವಾಗಿ ಕಣ್ಣು ಮುಚ್ಚಿದಳು.

ತಕ್ಷಣ ತೆರೆದಳು.

ಒಂದಕ್ಕೆ ಬಂದಿತ್ತು.

ಬಸುರಿನ ಈ ದಿನಗಳಲ್ಲಿ ಅದು ಗಂಟೆಗೆರಡು ಸಲ ಬರುವುದೇ. ಎದ್ದರೆ ಮಗು ಏಳುತ್ತದೆ. ತಾನು ಏಳದಿದ್ದರೆ... ಆಕೆ ಕಾಲಿಗೆ ಕಾಲು ಹೆಣೆದಳು. ಅಡುಗೆಮನೆಯ ಬಾಗಿಲಲ್ಲಿ ಶಿವನಂಜಮ್ಮ ಕೈಯೊರೆಸಿಕೊಳ್ಳುತ್ತ ನಿಂತು ಎಲ್ಲವನ್ನೂ ನೋಡಿ, ದನಿಯಿಲ್ಲದೆ ತುಟಿಯಲ್ಲೇ ಕೇಳಿದಳು: “ಎತ್ಕೊಳ್ಲೇನೆ?”

ದಾಕ್ಷಾಯಿಣಿ ಕಿವಿಯ ತುದಿ ಅಲುಗದಂತೆ, ಬೇಡ ಎಂದು ಕಣ್ಣಲ್ಲೇ ಹೇಳಿದಳು. ತುಟಿ ಕಚ್ಚಿಕೊಂಡು, ಬಚ್ಚಲಿನ ಬಾಗಿಲನ್ನೇ ನೋಡುತ್ತ, ಇನ್ನೂ ಐದು ನಿಮಿಷ ತಡೆದುಕೊಂಡಳು.